ಕಾಯಿಲೆ, ಕಾರ್ಡು ಮತ್ತು ಒಂದು ಶಿಫಾರಸು ಚೀಟಿ



ಬೀದರ್ ಜಿಲ್ಲೆಯ ಬೇಮಳಖೇಡದಂತಹ ಊರಿನಲ್ಲಿ ನಿಮ್ಮ ಕಾಕಾ ಒಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದರು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಕಾಯಿಲೆಯದಲ್ಲ, ದುಡ್ಡಿನದು. ಹೊಲ ಅಡವಿಡುವ, ಎತ್ತು ಮಾರುವ ಮಾತು ಬರುತ್ತದೆ. ಅದಕ್ಕೆ ಮುನ್ನ ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಯಾರಿಗೆ, ಹೇಗೆ ದೊರೆಯುತ್ತದೆ ಎಂಬುದನ್ನು ತಿಳಿಯೋಣ.

ಕರ್ನಾಟಕದಲ್ಲಿ 2010ರಲ್ಲಿ 'ವಾಜಪೇಯಿ ಆರೋಗ್ಯಶ್ರೀ' ಯೋಜನೆ ಪ್ರಾರಂಭವಾದದ್ದು ಬೀದರ್ ಜಿಲ್ಲೆಯೂ ಸೇರಿದ್ದ ಗುಲ್ಬರ್ಗಾ ವಿಭಾಗದಲ್ಲಿಯೇ. ಬಿಪಿಎಲ್ ಕಾರ್ಡುಳ್ಳ ಕುಟುಂಬದವರಿಗೆ ಹೃದಯರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಸುಟ್ಟಗಾಯ ಮುಂತಾದವುಗಳ ದೊಡ್ಡ ಚಿಕಿತ್ಸೆ ಇದರಲ್ಲಿ ಉಚಿತವಾಗಿತ್ತು.

ಇದರಿಂದ ಜೀವಗಳು ಉಳಿದವೇ? ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದು. ಆಗ ಯೋಜನೆಯ ಗಡಿಯ ಒಳಗಿದ್ದ 300 ಹಳ್ಳಿಗಳನ್ನೂ, ಗಡಿಯಾಚೆ ಯೋಜನೆ ಇನ್ನೂ ತಲುಪದಿದ್ದ 272 ನೆರೆಯ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಗಡಿಯೊಳಗೆ ಶೇಕಡಾ 0.32, ಆಚೆಗೆ ಶೇಕಡಾ 0.90. ಕಾರ್ಡಿಲ್ಲದ ಕುಟುಂಬಗಳಲ್ಲಿ ಇದು ಕ್ರಮವಾಗಿ 0.56 ಮತ್ತು 0.55, ಅಂದರೆ ವ್ಯತ್ಯಾಸವೇ ಇಲ್ಲ. ಆದ್ದರಿಂದ ಬಡವರಲ್ಲಿ ಕಂಡ ಅಂತರಕ್ಕೆ ಹವೆಯೋ ನೀರೋ ಕಾರಣವಲ್ಲ, ಯೋಜನೆಯೇ ಕಾರಣವೆಂದು ನಂಬಲು ಆಧಾರ ದೊರೆಯಿತು. ಈ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

2018ರಲ್ಲಿ ಇಂತಹ ಯೋಜನೆಗಳು ಒಂದುಗೂಡಿ 'ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ' ಎಂದಾಯಿತು. ಇದರಲ್ಲಿ ಮೂರು ಅಂಶಗಳನ್ನು ನೆನಪಿಡಬೇಕು. ಮೊದಲನೆಯದು ಕಾರ್ಡು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ಇತರರಿಗೆ ಸರ್ಕಾರ ನಿಗದಿಪಡಿಸಿದ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಎರಡನೆಯದು, ಆ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿರಬೇಕು. ಮೂರನೆಯದು ಶಿಫಾರಸು ಚೀಟಿ. ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ವೈದ್ಯರು ಚೀಟಿ ಬರೆದು, ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ಕಳಿಸುತ್ತಾರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ. ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು.

ಗಡಿಭಾಗದ ನಮ್ಮವರಿಗೆ ಕಾಯಿಲೆ ಎಂದೊಡನೆ ಹೈದರಾಬಾದಿನ ಬಸ್ಸು ಹತ್ತುವ ರೂಢಿ. ಚೀಟಿಯಿಲ್ಲದೆ ಹೋಗಿ ದುಡ್ಡು ಕಟ್ಟಿದ ಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಾಗುವುದು ಕಷ್ಟ. ಹುಮನಾಬಾದಿನ ತಾಲ್ಲೂಕು ಆಸ್ಪತ್ರೆಯಲ್ಲೋ, ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಮೊದಲು ವಿಚಾರಿಸಿದರೆ ಹೊಲ ಉಳಿದೀತು.

ಯೋಜನೆಗೆ ಮಿತಿಗಳೂ ಇವೆ. ಇದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವುದು. ಬಸ್ಸಿನ ಖರ್ಚು, ಜೊತೆಗಿರುವವರ ಕೂಲಿಯ ನಷ್ಟ ಮನೆಯವರ ಮೇಲೆಯೇ ಬೀಳುತ್ತದೆ. ಕಾಯಿಲೆ ಕಾರ್ಡು ನೋಡಿ ಬರುವುದಿಲ್ಲ. ಕಾರ್ಡು ಸಿಗದ ಬಡವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮನೆಯಲ್ಲಿ ಓದುಬರಹ ಬಲ್ಲವರು ನೀವು. ರೇಷನ್ ಕಾರ್ಡಿನಲ್ಲಿ ಎಲ್ಲರ ಹೆಸರಿದೆಯೇ, ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಇಂದು ಸಂಜೆಯೇ ನೋಡಿ. ಕಾಯಿಲೆ ಬಂದ ದಿನ ತಿದ್ದುಪಡಿಗೆಂದು ಕಚೇರಿ ಅಲೆಯಲು ಸಮಯವಿರುವುದಿಲ್ಲ.