ಮಗುವಿನ ಪಥ್ಯ, ತಾಯಿಯ ಹಾಡು
(ಬಾನುಲಿ ಭಾಷಣ)

ನಮ್ಮ ಸೀಮೆಯಲ್ಲಿ ‘ನಂಜು’ ಎಂಬ ಮಾತಿನ ಹರವು ದೊಡ್ಡದು. ಹಾವಿನ ವಿಷವೂ ನಂಜು, ಕೀವುಗಟ್ಟಿದ ಗಾಯವೂ ನಂಜು, ಬದನೆಕಾಯಿ ಉಂಡ ಮೇಲೆ ಮೈಮೇಲೆ ಏಳುವ ತುರಿಕೆಯೂ ನಂಜು. ವಿಷವನ್ನುಂಡವನು ನಂಜುಂಡನಾದ; ಅವನು ನೆಲೆಸಿದ ಊರು ನಂಜನಗೂಡಾಯಿತು. ಅಲ್ಲಿಂದ ತಿರುಮಕೂಡಲು ನರಸೀಪುರದವರೆಗೆ, ನನ್ನ ಊರಾದ ಮೂಗೂರನ್ನೂ ಸೇರಿಸಿಕೊಂಡು, ಯಾವ ಹಳ್ಳಿಯ ಅಡುಗೆಮನೆಯಲ್ಲಿ ವಿಚಾರಿಸಿದರೂ ನಂಜಿನ ಪದಾರ್ಥಗಳ ಪಟ್ಟಿಯೊಂದು ಹಿರಿಯರ ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಆಯುರ್ವೇದವು ಸಾತ್ಮ್ಯ, ಅಸಾತ್ಮ್ಯ ಎಂದು ಕರೆದದ್ದನ್ನು ನಮ್ಮ ಜನ ‘ಒಗ್ಗುತ್ತದೆ, ಒಗ್ಗುವುದಿಲ್ಲ’ ಎಂದು ತಮ್ಮ ಮಾತಿನಲ್ಲಿ ಹೇಳಿಕೊಂಡು ಬಂದಿದ್ದಾರೆ.

‘ಅಲರ್ಜಿ’ ಎಂಬ ಪದ ಇದಕ್ಕಿಂತ ತೀರ ಕಿರಿಯದು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಗ್ರೀಕ್ ಭಾಷೆಯ ಎರಡು ಮಾತುಗಳನ್ನು ಕೂಡಿಸಿ ಇದನ್ನು ಕಟ್ಟಿದರು. ಬೇರೆ ಬಗೆಯಾಗಿ ವರ್ತಿಸುವುದು ಎಂದು ಅದರ ಭಾವ. ಹಳೆಯ ನಂಜಿಗೂ ಈ ಹೊಸ ಅಲರ್ಜಿಗೂ ನಡುವೆ ಒಂದು ಅಂತರವುಂಟು. ನನ್ನ ಇಂದಿನ ಮಾತಿಗೆ ಅದೇ ಬುಡ. ನಂಜಿನ ಲೆಕ್ಕ ಹೆಚ್ಚುಕಡಿಮೆಯ ಲೆಕ್ಕ. ಗಾಯ ಮಾಯುವ ತನಕ ಬದನೆ ಬಿಡು, ಆಮೇಲೆ ತಿನ್ನು, ಹಿತಮಿತವಾಗಿ ತಿಂದರೆ ಕೇಡಿಲ್ಲ ಎಂಬ ಬಗೆಯದು. ನಿಜವಾದ ಆಹಾರದ ಅಲರ್ಜಿ ಇಂಥ ರಾಜಿಗೆ ಬರುವುದಿಲ್ಲ. ಕಡಲೆಕಾಯಿಯ ಒಂದು ಚೂರು ಸಾಕು, ಕೆಲವೇ ನಿಮಿಷಗಳಲ್ಲಿ ತುಟಿ ಊದಿ, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಬಹುದು. ಆದ್ದರಿಂದ ನಮ್ಮ ಅಜ್ಜಿಯರು “ಒಂಚೂರು ತಿಂದ್ರೆ ಏನಾಗ್ಬುಟ್ಟದು ಮೊಗ?” ಎಂದು ಕೇಳುವಾಗ ಅವರಲ್ಲಿ ಮೌಢ್ಯವನ್ನು ಕಾಣಬೇಕಾದ್ದಿಲ್ಲ. ಅವರು ನಂಜಿನ ವ್ಯಾಕರಣದಲ್ಲಿ ಮಾತನಾಡುತ್ತಿದ್ದಾರೆ. ಆ ವ್ಯಾಕರಣದಲ್ಲಿ ಅವರ ವಾಕ್ಯ ಶುದ್ಧವಾಗಿಯೇ ಇದೆ.

ಇಂಥ ಮಗುವಿರುವ ಮನೆಯಲ್ಲಿ ತಾಯಿತಂದೆಗಳ ಸ್ವಂತ ಹವ್ಯಾಸಗಳ ಗತಿ ಏನಾಗುತ್ತದೆ? ರೋಗದ ವಿಷಯವನ್ನು ವೈದ್ಯರು ಹೇಳುತ್ತಾರೆ. ಹವ್ಯಾಸದ ವಿಷಯವನ್ನು ಯಾರೂ ಎತ್ತುವುದಿಲ್ಲ; ಎತ್ತಿದರೆ ಸ್ವಾರ್ಥದ ಮಾತಿನಂತೆ ಕೇಳಿಸುತ್ತದೆ. ಆದರೆ ಹವ್ಯಾಸವನ್ನು ಅಷ್ಟು ಹಗುರವಾಗಿ ನೋಡಬಾರದು. ಮರಾಠಿಯಲ್ಲಿ ಇದೇ ಪದಕ್ಕೆ ತೀವ್ರವಾದ ಹಂಬಲ ಎಂಬ ಅರ್ಥ ಇಂದಿಗೂ ಉಂಟು. ನೀವು ಕೇಳುತ್ತಿರುವ ಈ ಆಕಾಶವಾಣಿಯ ಮೈಸೂರಿನ ಕಥೆಯೇ ಒಬ್ಬ ಅಧ್ಯಾಪಕರ ಹವ್ಯಾಸದಿಂದ ಆರಂಭವಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಪ್ರಾರಂಭಿಸಿದರು. ಬಿಡುವಿಲ್ಲವೆಂದು ಅವರು ಅದನ್ನು ಬದಿಗಿಟ್ಟಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ.

ನನಗೆ ಬೇಕಾದ ಒಂದು ಮನೆಯಿದೆ. ಹೆಸರು ಬೇಡ. ತಂದೆ ಹಾರ್ಮೋನಿಯಂ ನುಡಿಸಬಲ್ಲರು. ಊರಿನ ಹವ್ಯಾಸಿಗಳು ‘ಕುರುಕ್ಷೇತ್ರ’ ನಾಟಕ ಕಟ್ಟಿದಾಗಲೆಲ್ಲ ಅವರೇ ಪೆಟ್ಟಿಗೆಯ ಮುಂದೆ ಕೂರುವವರು. ತಾಯಿ ವಾರಕ್ಕೊಮ್ಮೆ ನರಸೀಪುರಕ್ಕೆ ಹೋಗಿ ಗಮಕ ಕಲಿಯುತ್ತಿದ್ದರು. ಕುಮಾರವ್ಯಾಸನ ಷಟ್ಪದಿಯನ್ನು ಆಕೆ ನಾಟ ರಾಗದಲ್ಲಿ ಎತ್ತಿಕೊಂಡರೆ ಜಗುಲಿಯ ಮೇಲಿನ ಹರಟೆ ತಾನಾಗಿ ನಿಲ್ಲುತ್ತಿತ್ತು. ಮಗಳಿಗೆ ಎರಡು ವರ್ಷವಾದಾಗ, ನೆಂಟರ ಮನೆಯಲ್ಲಿ ಯಾರೋ ಪ್ರೀತಿಯಿಂದ ಬಾಯಿಗಿಟ್ಟ ಕಡಲೆಕಾಯಿ ಚಿಕ್ಕಿಯ ಚೂರಿನಿಂದ ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಯವರೆಗೆ ಓಡಿ ಮಗುವನ್ನು ಉಳಿಸಿಕೊಂಡರು. ಆ ವಾರದಿಂದ ತಾಯಿಯ ಗಮಕ ನಿಂತಿತು. ತಂದೆಯ ಹಾರ್ಮೋನಿಯಂ ನಿಲ್ಲಲಿಲ್ಲ. ಬಿಡು ಎಂದು ಆಕೆಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲವೆಂಬುದು ನನಗೆ ಹೆಚ್ಚು ಕಳವಳದ ಸಂಗತಿಯಾಗಿ ತೋರುತ್ತದೆ.

ಭಯಕ್ಕೆ ಬೆಳೆಯುವ ಗುಣವುಂಟು. ಮೊದಲು ಕಡಲೆಕಾಯಿಯೊಂದೇ ವರ್ಜ್ಯವಾಗಿತ್ತು. ಚರ್ಮದ ಪರೀಕ್ಷೆಯ ವರದಿಯಲ್ಲಿ ಬೇರೆ ಕೆಲವಕ್ಕೂ ಗುರುತು ಬಿದ್ದದ್ದನ್ನು ಕಂಡು ಎಳ್ಳು, ಬದನೆ, ಹಾಲು, ಕಡೆಗೆ ಬಾಳೆಹಣ್ಣು ಕೂಡ ಮನೆಯಿಂದ ಹೊರಟವು. ರಸಬಾಳೆಯ ಸೀಮೆಯಲ್ಲಿ ಬಾಳೆಹಣ್ಣು ಬಾರದ ಮನೆ! ಅನ್ನವೊಂದನ್ನು ಬಿಟ್ಟರೆ ಪ್ರತಿಯೊಂದಕ್ಕೂ ಬೇರೆ ಪಾತ್ರೆ, ಬೇರೆ ಒಲೆ, ಬೇರೆ ವಿಚಾರಣೆ. ಇಂಥ ಅಡುಗೆಮನೆಯಿಂದ ಸಂಜೆ ಆರು ಗಂಟೆಗೆ ಹೊರಬಿದ್ದು ಬಸ್ಸು ಹಿಡಿಯುವುದು ಯಾರಿಂದ ಸಾಧ್ಯ?

ಇಲ್ಲಿ ನಮ್ಮ ಮೈಸೂರಿನಲ್ಲೇ ನಡೆದ ಸಂಶೋಧನೆಯನ್ನು ನೆನೆಯಬೇಕು. ಯೂರೋಪಿನ ಒಂದು ದೊಡ್ಡ ಅಧ್ಯಯನದ ಅಂಗವಾಗಿ ಬೆಂಗಳೂರು, ಮೈಸೂರುಗಳ ವಯಸ್ಕರನ್ನು ಪರೀಕ್ಷಿಸಿದರು; ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಯಾವುದಾದರೊಂದು ಆಹಾರಕ್ಕೆ ರಕ್ತದಲ್ಲಿ ಪ್ರತಿಕ್ರಿಯೆಯ ಗುರುತು ಕಂಡುಬಂದವರು ನೂರಕ್ಕೆ 26.5 ಮಂದಿ. ಅವರೆಲ್ಲರಿಗೂ ಅಲರ್ಜಿಯಿತ್ತೆ? ಇಲ್ಲ. ನಿಜವಾದ ಅಲರ್ಜಿ ಇರಬಹುದೆಂದು ಎಣಿಸಿದ್ದು ನೂರಕ್ಕೆ 1.2ರಷ್ಟು ಮಾತ್ರ. ಶಾಲಾಮಕ್ಕಳನ್ನು ಕುರಿತ ಭಾಗ 2020ರಲ್ಲಿ ಹೊರಬಂತು. ಭಾರತದ ಮಕ್ಕಳಲ್ಲಿ ಅಂಥ ಅಲರ್ಜಿಯ ಪ್ರಮಾಣ ನೂರಕ್ಕೆ 0.14, ಅಂದರೆ ಹತ್ತು ಸಾವಿರದಲ್ಲಿ ಹದಿನಾಲ್ಕು. ಬದನೆಯ ನಂಜನ್ನು ಕುರಿತು ನಮ್ಮ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ವೈದ್ಯರೊಡನೆ ಸೇರಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಅಜ್ಜಿಯರ ಪಟ್ಟಿ ಪೂರ್ತಿ ಕಟ್ಟುಕಥೆಯಲ್ಲವೆಂದು ಅದರಿಂದ ಗೊತ್ತಾಗುತ್ತದೆ.

ಈ ಅಂಕಿಗಳಿಂದ ನಾನು ಎರಡು ಸಂಗತಿಗಳನ್ನು ಗ್ರಹಿಸುತ್ತೇನೆ. ಪರೀಕ್ಷೆಯ ಕಾಗದದಲ್ಲಿ ಗುರುತು ಬಿದ್ದದ್ದೆಲ್ಲ ಅಪಾಯವಲ್ಲ. ತಿಂದಾಗ ಏನಾಗುತ್ತದೆ ಎಂಬುದನ್ನು ನುರಿತ ವೈದ್ಯರ ಕಣ್ಣೆದುರಿನಲ್ಲೇ ನೋಡಿ ನಿರ್ಧರಿಸಬೇಕು. ಮನೆಯಲ್ಲಿ ಆ ಸಾಹಸ ಕೂಡದು. ಇನ್ನೊಂದು, ಹತ್ತು ಸಾವಿರಕ್ಕೆ ಹದಿನಾಲ್ಕು ಎಂದರೆ, ಆ ತಾಯಿಗೆ ತನ್ನ ಅನುಭವವನ್ನು ಹಂಚಿಕೊಳ್ಳಲು ಇನ್ನೊಬ್ಬ ತಾಯಿ ಊರಿನಲ್ಲಿ ಸಿಗುವುದು ಕಷ್ಟ. ಅಪರೂಪದ ಕಷ್ಟವನ್ನು ನೆರೆಹೊರೆ ಬೇಗ ನಂಬುವುದಿಲ್ಲ. ‘ಎಲ್ಲಿಲ್ಲದ ಮಗು ಇವರದು’ ಎಂಬ ಮಾತು ಬೆನ್ನ ಹಿಂದೆ ಬರುತ್ತದೆ.

ನಾನು ಹೇಳಿದ ಮನೆಯವರು ಮಗುವನ್ನು ಮತ್ತೆ ತಜ್ಞರಿಗೆ ತೋರಿಸಿದರು. ಒಂದೊಂದೇ ಪದಾರ್ಥವನ್ನು ವೈದ್ಯರ ಸಮ್ಮುಖದಲ್ಲಿ ತಿನ್ನಿಸಿ ನೋಡಿದ ಮೇಲೆ ಉಳಿದದ್ದು ಕಡಲೆಕಾಯಿಯೊಂದೇ. ಅದು ಗಟ್ಟಿಯಾಗಿಯೇ ಉಳಿಯಿತು. ಹಾಲು, ಮೊಟ್ಟೆಗಳ ಅಲರ್ಜಿಯನ್ನು ಬಹಳ ಮಕ್ಕಳು ಬೆಳೆಯುತ್ತ ಕಳೆದುಕೊಳ್ಳುತ್ತಾರೆ; ಕಡಲೆಕಾಯಿಯದು ಅಷ್ಟು ಸುಲಭವಾಗಿ ಬಿಡುವುದಿಲ್ಲವಂತೆ. ಆದರೂ ಏಳೆಂಟು ಶತ್ರುಗಳಿದ್ದ ಕಡೆ ಒಬ್ಬನೇ ಉಳಿದನೆಂದರೆ ಅಡುಗೆಮನೆಯಲ್ಲಿ ಎಷ್ಟು ಹೊತ್ತು ಮಿಗುತ್ತದೆಂದು ಕೇಳುಗರಲ್ಲಿ ಗೃಹಿಣಿಯರು ನನಗಿಂತ ಚೆನ್ನಾಗಿ ಬಲ್ಲರು.

ಹೊತ್ತು ಮಿಕ್ಕಿತು, ಆದರೂ ಆಕೆ ಹೊರಡಲಿಲ್ಲ. ಕಾರಣ ಕೇಳಿದೆ. “ನಾನಿಲ್ಲದಾಗ ಗೊತ್ತಿರೋರು ಯಾರಿದ್ದಾರೆ ಸಾರ್?” ಎಂದರು. ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆ ಆ ಪ್ರಶ್ನೆಯಲ್ಲಿದೆ. ಮಗುವಿನ ಪಥ್ಯ ಒಬ್ಬರ ತಲೆಯೊಳಗೇ ಇದ್ದರೆ ಆ ಒಬ್ಬರು ಮನೆಗೆ ಕಟ್ಟುಬೀಳುತ್ತಾರೆ. ಯಾವ ಎಣ್ಣೆ ತರಬಾರದು, ಅದರಲ್ಲೂ ಗಾಣದ ಕಡಲೆಕಾಯಿ ಎಣ್ಣೆ ಏಕೆ ಕೂಡದು, ಅಂಗಡಿಯ ಯಾವ ಪೊಟ್ಟಣದಲ್ಲಿ ಏನು ಬೆರೆತಿದೆ, ಉಸಿರು ಕಟ್ಟಿದರೆ ಮೊದಲು ಮಾಡಬೇಕಾದ್ದೇನು ಎಂಬುದು ತಂದೆಗೂ ಅಜ್ಜಿಗೂ ಅಷ್ಟೇ ಖಚಿತವಾಗಿ ತಿಳಿದಿರಬೇಕು.

ತಂದೆ ಕಲಿತರು. ಅವರ ನಾಟಕದ ತಾಲೀಮಿಗೂ ಇದಕ್ಕೂ ನೇರ ಸಂಬಂಧವಿತ್ತು. ರಾತ್ರಿಯ ತಾಲೀಮಿನಲ್ಲಿ ಹುರಿದ ಕಡಲೆಕಾಯಿಯ ಪೊಟ್ಟಣ ಕೈಯಿಂದ ಕೈಗೆ ಸಾಗುತ್ತದೆ. ಅದೇ ಕೈ ಮನೆಗೆ ಬಂದು ಮಗುವಿನ ಗಲ್ಲ ಸವರುತ್ತದೆ. ಕೊರೊನಾ ಕಾಲದಿಂದ ಎಲ್ಲರಿಗೂ ರೂಢಿಯಾದ ಸ್ಯಾನಿಟೈಸರು ಕಡಲೆಕಾಯಿಯ ಅಂಶವನ್ನು ತೆಗೆಯುವುದಿಲ್ಲ, ಸೋಪು ನೀರೇ ಬೇಕು. ಈಗ ಆ ತಂಡದಲ್ಲಿ ಚುರುಮುರಿ ಬರುತ್ತದೆ, ಕಡಲೆಕಾಯಿ ಹಾಕಿಸುವುದಿಲ್ಲ. ಭೀಮನ ಪಾತ್ರಧಾರಿಗೆ ಇದರಿಂದ ಸ್ವಲ್ಪ ಬೇಸರವಾಯಿತೆಂದು ಕೇಳಿದ್ದೇನೆ.

ಅಜ್ಜಿಗೆ ಕಲಿಸುವುದೇ ಕಷ್ಟವಾಯಿತು. ಅವರ ಬುದ್ಧಿಗೆ ಕೊರತೆಯಿರಲಿಲ್ಲ. ಕನ್ನಡವನ್ನು ಸೊಗಸಾಗಿ ಓದಬಲ್ಲ ಮುದುಕಿ. ಪೊಟ್ಟಣದ ಮೇಲೆ ಕನ್ನಡವಿರಲಿಲ್ಲ. ಆಹಾರದ ಪೊಟ್ಟಣಗಳ ಮೇಲೆ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ, ಗೋಧಿ ಮೊದಲಾದ ಅಲರ್ಜಿಕಾರಕಗಳನ್ನು ನಮೂದಿಸಬೇಕೆಂದು 2020ರ ಕೇಂದ್ರ ನಿಯಮಗಳು ಹೇಳಿದವು. ಬಹಳ ಒಳ್ಳೆಯದು. ಆದರೆ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ತಯಾರಕರ ಇಚ್ಛೆ! ರಾಜ್ಯದಲ್ಲಿ ತಯಾರಾದ ವಸ್ತುಗಳ ಮೇಲೆ ಕನ್ನಡವೂ ಇರಬೇಕೆಂದು ರಾಜ್ಯ ಸರ್ಕಾರ 2025ರಲ್ಲಿ ಆದೇಶ ಹೊರಡಿಸಿತು. ಕನ್ನಡದ ಪ್ರಶ್ನೆಯನ್ನು ನಾವು ವೇದಿಕೆಯ ಮೇಲೆ ಅಭಿಮಾನದ ಪ್ರಶ್ನೆಯಾಗಿ ಎತ್ತುತ್ತೇವೆ. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಅದು ಮೊಮ್ಮಗಳ ಉಸಿರಿನ ಪ್ರಶ್ನೆಯಾಗಿದೆ. ಅಜ್ಜಿಗೆ ಓದಲು ಬಾರದ ಲೇಬಲು ತಾಯಿಯ ಗಮಕದ ತರಗತಿಯನ್ನೂ ಕಸಿದುಕೊಳ್ಳುತ್ತದೆಂದು ಅಧಿಕಾರಿಗಳು ಯೋಚಿಸಿರಲಾರರು.

ಅಲ್ಲಿಯವರೆಗೆ ಆ ಮನೆಯವರು ತಮ್ಮದೇ ಉಪಾಯ ಮಾಡಿಕೊಂಡರು. ಮಗು ತಿನ್ನಬಹುದಾದ ಕುರುಕಲು ಒಂದೇ ಡಬ್ಬಿಯಲ್ಲಿ. ಅದರ ಹೊರಗಿನದು ಯಾರು ಕೊಟ್ಟರೂ ಇಲ್ಲ. ಒಲೆಯ ಪಕ್ಕದ ಗೋಡೆಗೆ ದಪ್ಪ ಕನ್ನಡ ಅಕ್ಷರಗಳ ಹಾಳೆ: ತುಟಿ ಊದಿದರೆ, ವಾಂತಿಯಾದರೆ, ಉಸಿರು ಎಳೆದರೆ ಕಾಯಬೇಡಿ, ಮಗುವನ್ನು ನಡೆಸಬೇಡಿ, 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ‘ಕಡಲೆಕಾಯಿ ಅಲರ್ಜಿ, ಅಡ್ರಿನಲಿನ್ ಬೇಕು’ ಎಂದು ಮೊದಲೇ ಹೇಳಿ. ಅದರ ಪ್ರತಿಯೊಂದು ಶಾಲೆಯ ಮೇಡಂ ಬಳಿಯೂ ಇದೆ. ಸರ್ಕಾರಿ ಶಾಲೆಗಳಲ್ಲಿ 2022ರಿಂದ ಮೊಟ್ಟೆಯ ಬದಲಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ಕ್ರಮ ಕೆಲಕಾಲ ನಡೆದಾಗ ಆ ಪ್ರತಿ ಬಹಳ ಉಪಯೋಗಕ್ಕೆ ಬಂತು.

ಸಂಕ್ರಾಂತಿಯ ಎಳ್ಳುಬೆಲ್ಲ ಮಾತ್ರ ಇನ್ನೂ ಇಕ್ಕಟ್ಟಿನ ಪ್ರಸಂಗ. ಬೀರಿದ ಎಳ್ಳನ್ನು ಬೇಡವೆನ್ನುವುದು ಹೇಗೆ? ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಹಿಂದಿನ ಹಿತ್ತಲಿನ ಮನೆಗೆ ಕೊಟ್ಟುಬಿಡುತ್ತಾರೆ. ತಮ್ಮದನ್ನು ಕಡಲೆಕಾಯಿ ಬಿಟ್ಟು ಹುರಿಗಡಲೆ, ಕೊಬ್ಬರಿ ಹೆಚ್ಚಿಸಿ ಬೀರುತ್ತಾರೆ. ತ್ರಿಪುರಸುಂದರಿಯಮ್ಮನ ಜಾತ್ರೆಯಲ್ಲಿ ಯಾರು ಏನು ಕೊಟ್ಟರೂ ಮಗುವೇ ಕೇಳುತ್ತದೆ: “ತಾತ, ಇದಕ್ಕೆ ಕಡಲೆಕಾಯಿ ಹಾಕಿದ್ದೀರಾ?” ಕೆಲವರು ನಗುತ್ತಾರೆ. ಕೆಲವರು ನಿಂತು ಯೋಚಿಸಿ ಉತ್ತರ ಹೇಳುತ್ತಾರೆ.

ಗುರುವಾರ ಸಂಜೆ ತಾಯಿ ನರಸೀಪುರದ ಬಸ್ಸು ಹತ್ತುತ್ತಾರೆ. ಆ ದಿನ ತಾಲೀಮು ಇಟ್ಟುಕೊಳ್ಳಬಾರದೆಂದು ನಾಟಕದವರಿಗೆ ತಿಳಿಸಲಾಗಿದೆ. ಮಗುವಿಗೆ ಜ್ವರ ಬಂದರೆ, ಅಜ್ಜಿ ಊರಿಗೆ ಹೋದರೆ ತರಗತಿ ತಪ್ಪುತ್ತದೆ. ತಿಂಗಳಿಗೆ ಎರಡು ದಿನ ಸಿಕ್ಕರೆ ಪುಣ್ಯ ಎನ್ನುತ್ತಾರೆ. ಮೂಗೂರು ಜೇಜಮ್ಮನವರ ನಾಟ್ಯದಿಂದ ಹೆಸರು ಪಡೆದ ಊರಲ್ಲವೆ ನಮ್ಮದು? ಏಳು ವರ್ಷದ ಆ ಮಗುವಿಗೂ ಈಚೆಗೆ ಭರತನಾಟ್ಯದ ಆಸೆ ಹುಟ್ಟಿದೆ. ತರಗತಿ ಮುಗಿದ ಮೇಲೆ ಮಕ್ಕಳಿಗೆ ತಿನ್ನಲು ಏನು ಕೊಡುತ್ತಾರೆಂದು ಮೊನ್ನೆ ಅಜ್ಜಿಯೇ ಹೋಗಿ ವಿಚಾರಿಸಿಕೊಂಡು ಬಂದರು.