ಉಗುರುಬಣ್ಣದ ಕಲೆ

ಹಾಸಿಗೆಯ ಹೊದಿಕೆಯ ಮೇಲಾಗಲಿ ಸೀರೆಯ ಸೆರಗಿನ ಮೇಲಾಗಲಿ ಉಗುರುಬಣ್ಣದ ತೊಟ್ಟೊಂದು ಬಿದ್ದೊಡನೆ ಮನೆಯವರ ಕೈ ನೀರಿನ ತಂಬಿಗೆಯ ಕಡೆಗೆ ಹೋಗುವುದು. ಅನಂತರ ಸಾಬೂನು, ಅನಂತರ ಉಜ್ಜಾಟ. ಈ ಮೂರರಿಂದಲೂ ಫಲವಿಲ್ಲವೆಂದು ನಮ್ಮ ಶ್ರೋತೃಗಳಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಉಜ್ಜಿದಷ್ಟೂ ಕಲೆ ಹರಡುವುದು.

ಉಗುರುಬಣ್ಣವು ಬಣ್ಣದ ನೀರಲ್ಲ, ಒಂದು ಬಗೆಯ ವಾರ್ನಿಷು. ನೈಟ್ರೋಸೆಲ್ಯುಲೋಸನ್ನು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಮೊದಲಾದ ದ್ರವಗಳಲ್ಲಿ ಕರಗಿಸಿ ಬಣ್ಣವನ್ನು ಬೆರಸಿರುತ್ತಾರೆ. ದ್ರವವು ಆರಿದ ಮೇಲೆ ಉಳಿಯುವ ಪೊರೆ ನೀರಿಗೆ ಜಗ್ಗದು. ಶೋನ್‌ಬೈನ್ ಎಂಬ ವಿಜ್ಞಾನಿಯು 1846ರಲ್ಲಿ ಕಂಡುಹಿಡಿದ ಸಿಡಿಹತ್ತಿಗೆ ಇದು ಹತ್ತಿರದ ಬಂಧು. ಇದನ್ನು ಕರಗಿಸುವ ಅಸಿಟೋನ್ ಕೂಡ ಮೊದಲನೆಯ ಮಹಾಯುದ್ಧದಲ್ಲಿ ಕಾರ್ಡೈಟ್ ಎಂಬ ಮದ್ದಿನ ತಯಾರಿಕೆಗೆ ಬೇಕಾಗಿದ್ದ ವಸ್ತು. ಕನ್ನಡಿಯ ಮುಂದಿನ ಪುಟ್ಟ ಸೀಸೆಗಳ ವಂಶಾವಳಿ ಇಂತಹುದು!

ಆದರೆ ಅಸಿಟೋನನ್ನು ಎಲ್ಲ ಬಟ್ಟೆಗೂ ಸುರಿಯಲಾಗದು. ಹತ್ತಿ, ಉಣ್ಣೆ, ರೇಷ್ಮೆಗಳ ನೂಲನ್ನು ಅದು ಕರಗಿಸುವುದಿಲ್ಲ. ಬಣ್ಣವನ್ನು ಮಾತ್ರ ಕೆಡಿಸಬಹುದು. ಅಸಿಟೇಟ್ ಎಂಬ ಕೃತಕ ನೂಲಿನ ಸಂಗತಿಯೇ ಬೇರೆ. ಕೋಟಿನ ಒಳಪದರಗಳಲ್ಲಿಯೂ ನುಣುಪಾದ ಪರದೆಗಳಲ್ಲಿಯೂ ಕಾಣುವ ಈ ನೂಲು ಅಸಿಟೋನ್ ತಗಲಿದೊಡನೆ ತಾನೇ ಕರಗಿ, ಕಲೆಯಿದ್ದ ಕಡೆ ತೂತು ಉಳಿಯುವುದು. ಸಂದೇಹವಿದ್ದರೆ ಒಳಹೊಲಿಗೆಯಿಂದ ಒಂದೆಳೆ ನೂಲನ್ನು ತೆಗೆದು ಗಾಜಿನ ಬಟ್ಟಲಿನಲ್ಲಿ ನಾಲ್ಕು ಹನಿ ಅಸಿಟೋನಿಗೆ ಹಾಕಿ ನೋಡತಕ್ಕದ್ದು. ನೂಲು ಅಂಟಂಟಾದರೆ ಆ ಬಟ್ಟೆಗೆ ಅದನ್ನು ಮುಟ್ಟಿಸಬಾರದು. ‘ಅಸಿಟೋನ್ ಇಲ್ಲ’ ಎಂದು ಬರೆದ ಸೀಸೆಗಳನ್ನೂ ನಂಬಿ ಕೆಡುವುದು ಬೇಡ. ಅವುಗಳಲ್ಲಿ ಅನೇಕವುಗಳಲ್ಲಿ ಈಥೈಲ್ ಅಸಿಟೇಟ್ ಇರುತ್ತದೆ.

ಹತ್ತಿಯ ಬಟ್ಟೆಯಾದರೆ ಕೆಲಸ ಸುಲಭ. ಹಸಿಯಿರುವ ಬಣ್ಣವನ್ನು ಚಮಚದ ಅಂಚಿನಿಂದ ಎತ್ತಬೇಕು. ಕಲೆಯನ್ನು ಕೆಳಮುಖವಾಗಿಸಿ ದಪ್ಪ ಬಿಳಿಯ ಬಟ್ಟೆಯ ಮೇಲೆ ಹಾಸಿ, ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಹಿಂಬದಿಯಲ್ಲಿ ಮೆಲ್ಲಗೆ ಒತ್ತಬೇಕು. ಬಣ್ಣವು ಕೆಳಗಿನ ಬಟ್ಟೆಗೆ ಇಳಿಯುತ್ತ ಬರುವುದು. ಅದನ್ನು ಆಗಾಗ ಸರಿಸುತ್ತಿರಬೇಕು. ಇಲ್ಲವಾದರೆ ಇಳಿದ ಬಣ್ಣ ಮರಳಿ ಏರುವುದು. ಅನಂತರ ಸಾಬೂನಿನಿಂದ ಒಗೆದು, ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮುಟ್ಟಿಸಬಾರದು.

ಜರಿಯಂಚಿನ ರೇಷ್ಮೆಸೀರೆಯ ವಿಷಯದಲ್ಲಿ ಮನೆಯ ಪ್ರಯೋಗವನ್ನು ನಾವು ಒಪ್ಪುವುದಿಲ್ಲ. ತಾಯಿಯಿಂದ ಮಗಳಿಗೆ ಬಂದ ಸೀರೆಯ ಮೇಲೆ ಕೈಚಳಕವನ್ನು ಪರೀಕ್ಷಿಸುವುದೇಕೆ? ಕಲೆಯು ಯಾವುದರದೆಂದು ಹೇಳಿ ಡ್ರೈಕ್ಲೀನಿಂಗ್ ಬಲ್ಲವರಿಗೆ ಒಪ್ಪಿಸುವುದು ಮೇಲು.

ಬಟ್ಟೆಗಿಂತ ಹೆಚ್ಚಿನ ಮಾತೊಂದುಂಟು. ಅಸಿಟೋನಿನ ಆವಿಯು ಸೊನ್ನೆಗಿಂತ ಕೆಳಗಿನ ಶೈತ್ಯದಲ್ಲಿಯೂ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರವಾಗಿ ನೆಲದ ಮೇಲೆ ಹರಿಯುವುದು. ಅಡಿಗೆಮನೆಯ ಒಲೆಯಾಗಲಿ ದೇವರ ಮುಂದಿನ ನಂದಾದೀಪವಾಗಲಿ ಉರಿಯುತ್ತಿರುವಾಗ ಆ ಹತ್ತಿರ ಈ ಕೆಲಸ ಕೂಡದು. ಉಳಿದ ಛಾಯೆಯನ್ನು ತೆಗೆಯಲು ಬ್ಲೀಚಿಂಗ್ ದ್ರವವನ್ನು ಅಸಿಟೋನಿನೊಡನೆ ಬೆರಸಲೂ ಬಾರದು. ಅವೆರಡೂ ಸೇರಿದರೆ ಕ್ಲೋರೋಫಾರಂ ಹುಟ್ಟುವುದು. ಒದ್ದೆಯಾದ ಹತ್ತಿಯನ್ನು ಬಯಲಿನಲ್ಲಿ, ಬೆಂಕಿಯಿಂದಲೂ ಮಕ್ಕಳಿಂದಲೂ ದೂರವಾಗಿ ಒಣಗಿಸಿ, ಬಳಿಕ ಕಸಕ್ಕೆ ಹಾಕಬಹುದು.