ಕಾಡಿನ ಕಟ್ಟಿಗೆಯೂ ಊರಿನ ಬೆಳಕೂ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಡೆಂಕಣಿಕೋಟೆಯ ಸುತ್ತಲೂ ಕಾಡಿದೆ. ಕಾಡಿನ ಸೌದೆಯಿಂದ ಒಲೆ ಉರಿಯುವುದನ್ನು ನಾವೆಲ್ಲ ಬಲ್ಲೆವು, ದೀಪವೂ ಉರಿಯಬಲ್ಲುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ನಮ್ಮ ನಾಡಿನ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದುವು. ಕಟ್ಟಿಗೆಯನ್ನು ಮಿತವಾದ ಗಾಳಿಯಲ್ಲಿ ಉರಿಸಿ, ಹೊರಡುವ ಅನಿಲದಿಂದ ಎಂಜಿನನ್ನು ನಡೆಸಿ ವಿದ್ಯುತ್ತನ್ನು ಪಡೆಯುವುದೂ ಅದೇ ತತ್ತ್ವ. ದೊಡ್ಡ ಸ್ಥಾವರಗಳಾದರೋ ಸೌದೆಯನ್ನು ಸುಟ್ಟು ಉಗಿಯ ಬಲದಿಂದ ಚಕ್ರವನ್ನು ತಿರುಗಿಸುತ್ತವೆ.

ಆದರೆ ಕಾಡಿರುವಲ್ಲೆಲ್ಲ ಈ ವಿದ್ಯುತ್ತು ಹುಟ್ಟುವುದಿಲ್ಲ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ದೂರ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಸ್ವೀಡನ್, ಫಿನ್ಲೆಂಡುಗಳಲ್ಲಿ ಕಾಡೂ ಮರದ ಕಾರ್ಖಾನೆಯೂ ನೆರೆಹೊರೆಯಲ್ಲಿವೆ. ತೊಗಟೆ, ಹೊಟ್ಟುಗಳೇ ಉರುವಲಾಗುತ್ತವೆ. ಇಂಗ್ಲೆಂಡಿನ ಡ್ರ್ಯಾಕ್ಸ್ ಸ್ಥಾವರಕ್ಕಾದರೋ, ಒಣಗಿಸಿ ಗುಳಿಗೆ ಮಾಡಿದ ಮರದ ಬಹುಭಾಗವು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಸಾಗರವನ್ನು ದಾಟಿ ಬರುತ್ತದೆ. ಸರಕಾರದ ಸಹಾಯಧನವಿಲ್ಲದಿದ್ದರೆ ಈ ವ್ಯಾಪಾರ ನಿಲ್ಲಲಾರದು. ಇಲ್ಲಿ ಕೊಳ್ಳುವವರೂ ಕೆಲವರೇ, ತಯಾರಿಸುವವರೂ ಕೆಲವರೇ. ಗುಳಿಗೆಯ ತಯಾರಿಕೆಯಲ್ಲಿ ಜಗತ್ತಿಗೇ ದೊಡ್ಡದೆನಿಸಿದ್ದ ಎನ್ವಿವಾ ಕಂಪನಿಯು 2024ರಲ್ಲಿ ದಿವಾಳಿ ಕಾನೂನಿನ ರಕ್ಷಣೆಯನ್ನು ಬೇಡಬೇಕಾಯಿತು. ಒಬ್ಬನೇ ಕೊಳ್ಳುಗನನ್ನು ನಂಬಿದ ಬೆಳೆಗಾರನಿಗೆ ಇದು ಎಚ್ಚರಿಕೆಯಲ್ಲವೆ?

ನಮ್ಮ ದೇಶದಲ್ಲಿ ಇಂಥ ವಿದ್ಯುತ್ತು ಬಹುಮಟ್ಟಿಗೆ ಕಬ್ಬಿನ ಸಿಪ್ಪೆಯದು. ಅದು ಮಹಾರಾಷ್ಟ್ರ, ಉತ್ತರಪ್ರದೇಶ, ಕರ್ನಾಟಕಗಳ ಸಕ್ಕರೆ ಕಾರ್ಖಾನೆಗಳಲ್ಲಿ ಹೆಚ್ಚಾಗಿ ನೆಲಸಿದೆ. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ಬಳ್ಳಾರಿ ಜಾಲಿಯ ಸೌದೆಯೂ ಸ್ಥಾವರಗಳಿಗೆ ಹೋಗುತ್ತದೆ.

ಇನ್ನೊಂದು ದಾರಿಯನ್ನು ನಮ್ಮವರೇ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ವೆಂಬ ವಿಭಾಗ ಹುಟ್ಟಿತು. ಅದರ ವಿಜ್ಞಾನಿಗಳು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆಯ ಅನಿಲಯಂತ್ರವನ್ನು ಸ್ಥಾಪಿಸಿದರು. ಉರುವಲಿಗೆಂದೇ ಮರಗಳನ್ನು ನೆಟ್ಟರು. ಸುಮಾರು 35 ಮನೆಗಳ ಆ ಹಳ್ಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ದೊರೆತುವು. ಅಲ್ಲಿ ಕಾಡು, ಯಂತ್ರ, ಬಳಕೆದಾರ ಮೂರೂ ಒಂದೇ ಊರಿನಲ್ಲಿದ್ದುವು.

ನಮ್ಮ ತಾಲ್ಲೂಕಿನ ಕಾಡಿನ ಒಂದು ಭಾಗವು 2014ರಿಂದ ಕಾವೇರಿ ಉತ್ತರ ವನ್ಯಜೀವಿಧಾಮವಾಗಿದೆ. ಅದು ಆನೆಗಳ ನೆಲೆ. ಅಲ್ಲಿ ಮರವನ್ನು ಕಡಿಯಬಾರದು. ಆದರೆ ಹುಲ್ಲನ್ನು ಅಡಗಿಸಿ ಹಬ್ಬುವ ಲಂಟಾನವನ್ನು ಅರಣ್ಯ ಇಲಾಖೆಯ ಅನುಮತಿಯಿಂದ ಕಿತ್ತು ಉರುವಲಾಗಿಸಿದರೆ ಮೇವೂ ಬೆಳೆದೀತು, ಕೂಲಿಯೂ ದೊರೆತೀತು. ಆದರೂ ಯಂತ್ರದ ಹಸಿವು ದೊಡ್ಡದು. ಲಂಟಾನ ಮುಗಿದ ದಿನ ಅದು ಮರವನ್ನು ಬೇಡೀತು, ಬಡ ತಾಯಂದಿರು ತಲೆಹೊರೆಯಲ್ಲಿ ತರುವ ಪುಳ್ಳೆಗೂ ಬೆಲೆ ಕಟ್ಟೀತು. ಆದುದರಿಂದ ಮೊದಲು ಉರುವಲನ್ನು ಅಳೆಯಬೇಕು, ಆಮೇಲೆ ಯಂತ್ರವನ್ನು ಕೊಳ್ಳಬೇಕು. ಈ ಲೆಕ್ಕವನ್ನು ಕಲಿಯಿರೆಂದು ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ.